ಹಳ್ಳಿಗೆ ಸರ್ಕಾರಿ ಯೋಜನೆಗಳ ಮಾಹಿತಿ ತಲುಪಿಸಲು ಯಾವ ತಂತ್ರಜ್ಞಾನ ನಿಜಕ್ಕೂ ಕೆಲಸಕ್ಕೆ ಬರುತ್ತದೆ?

ಪ್ರಶ್ನೆ: ಕೆರೆಯಂಚು (ಶಿರಸಿ ತಾಲ್ಲೂಕು)

ನಮ್ಮೂರು ಶಿರಸಿ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿದೆ. ಹೆಸರಿಗೆ ಒಂದೇ ಊರಾದರೂ ಆರು ಮಜರೆಗಳಿವೆ. ಒಂದರಿಂದ ಇನ್ನೊಂದಕ್ಕೆ ತೋಟ, ಬೆಟ್ಟ, ಹಳ್ಳ ದಾಟಿಯೇ ಹೋಗಬೇಕು. ಮೊಬೈಲ್ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ದಿಬ್ಬದಲ್ಲಿ ಮತ್ತು ಹಾಲಿನ ಡೇರಿಯ ಕಟ್ಟೆಯ ಮೇಲೆ ಮಾತ್ರ.

ಕಳೆದ ತಿಂಗಳು ಪಕ್ಕದ ಮನೆಯ ಅಜ್ಜಿಯೊಬ್ಬರು ನನ್ನ ಬಳಿ ಬಂದು, ವಯಸ್ಸಾದವರಿಗೆ ಸರ್ಕಾರ ತಿಂಗಳಿಗೆ ಏನೋ ಕೊಡುತ್ತದೆಯಂತೆ, ಹೌದೇ ಎಂದು ವಿಚಾರಿಸಿದರು. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲೇ ಆರಂಭವಾಗಿದೆ. 65 ವರ್ಷ ತುಂಬಿದ ಬಡವರಿಗೆ ಈಗ ತಿಂಗಳಿಗೆ 1200 ರೂಪಾಯಿ ಬರುತ್ತದೆ. ಅಜ್ಜಿಗೆ ಎಪ್ಪತ್ತು ದಾಟಿದೆ. ದಿನವಿಡೀ ಕೈಯಲ್ಲಿ ಫೋನು ಹಿಡಿದುಕೊಂಡೇ ಇರುವ ನಾನು ಇಷ್ಟು ವರ್ಷ ಅವರಿಗೆ ಈ ಮಾತು ಹೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಮ್ಮ ಯುವಕ ಮಂಡಳದಲ್ಲಿ ಗಣೇಶೋತ್ಸವದ ಖರ್ಚು ಕಳೆದು ಹದಿನೆಂಟು ಸಾವಿರ ರೂಪಾಯಿ ಉಳಿದಿದೆ. ಅದರಲ್ಲಿ ಊರಿಗೊಂದು ಆ್ಯಪ್ ಮಾಡಿಸೋಣ ಎಂದು ಕೆಲವರೂ, ಪಂಚಾಯತಿ ಕಟ್ಟೆಯಲ್ಲಿ ಟಿ.ವಿ. ಹಾಕಿಸೋಣ ಎಂದು ಕೆಲವರೂ, ವಾಟ್ಸ್ಆ್ಯಪ್ ಗುಂಪೊಂದು ಸಾಕು, ಹಣವೇ ಬೇಡ ಎಂದು ಉಳಿದವರೂ ಹೇಳುತ್ತಿದ್ದಾರೆ. ಇಂಥ ಕೆಲಸವನ್ನು ಕೈಯಾರೆ ಮಾಡಿದವರಿದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಹಳೇ ಕೌಂಟರು (ಅಂಕೋಲಾ)

ಆ್ಯಪ್ ಮಾಡಿಸಬೇಡಿ. ಸರ್ಕಾರಿ ಸೇವೆಗಳಿಗೆಂದೇ ಕೇಂದ್ರದ ಉಮಂಗ್ ಆ್ಯಪ್ 2017ರಿಂದಲೇ ಇದೆ. ಮೈಸ್ಕೀಮ್ ಜಾಲತಾಣದಲ್ಲಿ ವಯಸ್ಸು, ರಾಜ್ಯ, ಉದ್ಯೋಗ ಮುಂತಾದ ವಿವರ ತುಂಬಿದರೆ ಅರ್ಹತೆ ಇರಬಹುದಾದ ಯೋಜನೆಗಳ ಪಟ್ಟಿಯೇ ಬರುತ್ತದೆ. ಅರ್ಜಿ ಹಾಕಲು ರಾಜ್ಯದ ಸೇವಾ ಸಿಂಧು ಜಾಲತಾಣ ಇದೆ. ಹದಿನೆಂಟು ಸಾವಿರದ ಆ್ಯಪ್ ಇವಕ್ಕಿಂತ ಹೆಚ್ಚಿನದೇನನ್ನೂ ಕೊಡಲಾರದು. ಅದನ್ನು ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ ಮೇಲೆ ಅದರಲ್ಲಿನ ಮಾಹಿತಿಯನ್ನು ತಿದ್ದುವವರೂ ಇರುವುದಿಲ್ಲ.

ನಾನು ಮೂರು ವರ್ಷ, ಹಳ್ಳಿಯವರ ಸರ್ಕಾರಿ ಅರ್ಜಿಗಳನ್ನು ಪಡೆಯುವ ಗ್ರಾಮ ಒನ್ ಕೇಂದ್ರವೊಂದರ ಕೌಂಟರಿನಲ್ಲಿ ಕುಳಿತವನು. ತಮ್ಮ ಪಕ್ಕದ ಮನೆಯ ಅಜ್ಜಿಯಂತೆ ಯೋಜನೆ ಇದೆಯೆಂಬುದೇ ತಿಳಿಯದವರು ಇದ್ದೇ ಇದ್ದಾರೆ. ಆದರೆ ನನ್ನ ಮುಂದೆ ಸಾಲಿನಲ್ಲಿ ನಿಂತವರಲ್ಲಿ ಅವರ ಸಂಖ್ಯೆ ಕಡಿಮೆ. ಯೋಜನೆ ಗೊತ್ತಿದ್ದು, ಅರ್ಜಿಯನ್ನೂ ಹಾಕಿ, ತಮ್ಮ ಕಾಗದ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ತಿಳಿಯದೆ ಅಲೆಯುವವರೇ ಹೆಚ್ಚು. ಒಂದು ಪ್ರಸಂಗ ಹೇಳುತ್ತೇನೆ. ಹಾಲಕ್ಕಿ ಕೇರಿಯ ತಾಯಿಯೊಬ್ಬರಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಒಂದು ತಿಂಗಳೂ ಬಂದಿರಲಿಲ್ಲ. ಅವರು ತಾವು ವ್ಯವಹರಿಸುವ ಬ್ಯಾಂಕಿಗೆ ಹೋದರೆ ಅಲ್ಲಿಂದ ಬೇರೊಂದು ಕಚೇರಿಗೆ, ಅಲ್ಲಿಂದ ಮತ್ತೆ ಬ್ಯಾಂಕಿಗೆ ಕಳುಹಿಸುತ್ತಿದ್ದರು. ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚೇನೋ ಇರಲಿಲ್ಲ, ಆದರೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತಿತ್ತು. ಕೊನೆಗೆ, ಸರ್ಕಾರದ ಹಣ ಯಾವ ಖಾತೆಗೆ ಜಮೆಯಾಗಿದೆ ಎಂದು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಅವರ ಆಧಾರ್ ಸಂಖ್ಯೆ ಹಾಕಿ ನೋಡಿದೆ. ಹಣ ಪ್ರತಿ ಕಂತೂ ಜಮೆಯಾಗಿತ್ತು, ಆದರೆ ಇನ್ನೊಂದು ಬ್ಯಾಂಕಿಗೆ. ಹಿಂದೊಮ್ಮೆ ಊರಿನಲ್ಲಿ ನಡೆದ ಶಿಬಿರದಲ್ಲಿ ಎಲ್ಲರಿಗೂ ಖಾತೆ ಮಾಡಿಸಿದ್ದರಂತೆ. ಪಾಸ್‌ಬುಕ್ಕು ಕಳೆದುಹೋಗಿತ್ತು, ಖಾತೆ ಇರುವುದೇ ಅವರಿಗೆ ನೆನಪಿರಲಿಲ್ಲ. ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಹಣವು ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಎನ್‌ಪಿಸಿಐ ಎಂಬ ಬ್ಯಾಂಕುಗಳ ಹಣ ಪಾವತಿ ಸಂಸ್ಥೆಯ ದಾಖಲೆಯಲ್ಲಿ ನಮ್ಮ ಆಧಾರಿಗೆ ಯಾವ ಬ್ಯಾಂಕು ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮರುದಿನ ಆ ಶಾಖೆಯಲ್ಲಿ ಹೊಸ ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟಾಗ ಒಂದರ ಕೆಳಗೊಂದು ಎರಡೆರಡು ಸಾವಿರದ ಸಾಲುಗಳು ಅಚ್ಚಾಗಿ ಬಂದವು. ಅವರು ಆ ಪುಟವನ್ನು ನನಗೆ ತೋರಿಸಲೆಂದೇ ಮತ್ತೆ ಬಂದಿದ್ದರು.

ಪಿಎಂ ಕಿಸಾನ್ ಕತೆಯೂ ಬೇರೆಯಲ್ಲ. ವರ್ಷಕ್ಕೆ ಆರು ಸಾವಿರ, ಮೂರು ಕಂತು ಎಂಬುದು ಎಲ್ಲರಿಗೂ ಬಾಯಿಪಾಠ. ನಮ್ಮ ಜಿಲ್ಲೆಯಲ್ಲಿ ಅನೇಕರ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ, ಇಲ್ಲವೇ ಅಣ್ಣತಮ್ಮಂದಿರ ಜಂಟಿ ಖಾತೆ ಇದೆ. 2019ರ ಫೆಬ್ರವರಿ 1ರ ಹೊತ್ತಿಗೆ ಹೆಸರಿನಲ್ಲಿ ಜಮೀನು ಇರಬೇಕೆಂಬುದು ನಿಯಮ. ಆ ನಂತರ ಜಮೀನಿನ ಖಾತೆ ಬದಲಾಗಿದ್ದರೆ ವಾರಸುದಾರಿಕೆಯಿಂದ ಬಂದ ಜಮೀನಿಗೆ ಮಾತ್ರ ವಿನಾಯಿತಿ. ಆದ್ದರಿಂದ “ಕಿಸಾನ್ ಸಮ್ಮಾನ್ ಯೋಜನೆಯ ಲಾಭ ಪಡೆಯಿರಿ” ಎಂಬ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ. “ಪಹಣಿಯಲ್ಲಿ ತೀರಿಕೊಂಡವರ ಹೆಸರಿದ್ದರೆ ಮೊದಲು ಪೌತಿ ಖಾತೆಗೆ (ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು) ಅರ್ಜಿ ಕೊಡಿ, ಆಮೇಲೆ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಕೊನೆಗೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ)” ಎಂದು ಕ್ರಮವಾಗಿ ಹೇಳುವ ಸಂದೇಶ ಬೇಕು. ಅತಿಕ್ರಮಣ ಜಮೀನಿನ ಸಾಗುವಳಿದಾರರಿಗೆ ಪಹಣಿಯೇ ಇಲ್ಲದ್ದರಿಂದ ಈ ಯೋಜನೆ ಸಿಗುವುದಿಲ್ಲ ಎಂಬುದನ್ನೂ ನೇರವಾಗಿ ಹೇಳಿಬಿಡಬೇಕು. ಅವರನ್ನು ಸುಮ್ಮನೆ ಸಾಲಿನಲ್ಲಿ ನಿಲ್ಲಿಸಬಾರದು.

ನನ್ನ ಸಲಹೆ ಇಷ್ಟು. ಪಡಿತರ ಕೊಡುವ ದಿನ ನ್ಯಾಯಬೆಲೆ ಅಂಗಡಿಯ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತುಕೊಳ್ಳಿ. ಊರಿನ ಬಹುಪಾಲು ಕುಟುಂಬಗಳಿಂದ ಒಬ್ಬರಾದರೂ ಅಲ್ಲಿಗೆ ಬಂದೇ ಬರುತ್ತಾರೆ, ಕಾರ್ಡು ತಂದಿರುತ್ತಾರೆ, ಬೆರಳಚ್ಚು ತೆಗೆದುಕೊಳ್ಳುವ ಯಂತ್ರಕ್ಕೆ ಬೇಕಾದ ಸಿಗ್ನಲ್ ಸಾಮಾನ್ಯವಾಗಿ ಅಲ್ಲಿ ಇರುತ್ತದೆ. ಒಬ್ಬೊಬ್ಬರದನ್ನೂ ಡಿಬಿಟಿ ಆ್ಯಪ್‌ನಲ್ಲಿ ತೆರೆದು ತೋರಿಸಿದರೆ ಐದೈದು ನಿಮಿಷದ ಕೆಲಸ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಒಂದು ಸಣ್ಣ ಪ್ರಿಂಟರ್ ಕೊಳ್ಳಿ. ಕಾಗದದ ಮೇಲೆ ಬ್ಯಾಂಕಿನ ಹೆಸರು ಅಚ್ಚಾಗಿ ಕೈಯಲ್ಲಿದ್ದರೆ ಶಾಖೆಯಲ್ಲಿ ಮಾತು ಬೇಗ ಮುಗಿಯುತ್ತದೆ.

ಉತ್ತರ 2: ತದಡಿ ದಂಡೆ (ಕುಮಟಾ ತಾಲ್ಲೂಕು)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕರಾವಳಿಯ ಕೇರಿಗಳಲ್ಲಿ ಭಾಷೆಯ ಪ್ರಶ್ನೆ ಬೇರೆಯೇ ಇದೆ. ಮೀನುಗಾರ ಮಹಿಳೆಯರಿಗೆ ಕೊಡುವ ಬಡ್ಡಿರಹಿತ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್‌ನಲ್ಲಿ ಐವತ್ತು ಸಾವಿರದಿಂದ ಮೂರು ಲಕ್ಷಕ್ಕೆ ಏರಿಸಿದಾಗ ನಮ್ಮ ಗುಂಪಿಗೆ ಬಂದ ಸಂದೇಶದಲ್ಲಿ “ಶೂನ್ಯ ಬಡ್ಡಿದರದಲ್ಲಿ ಸಾಲ ಸೌಲಭ್ಯ ಕಲ್ಪಿಸಲಾಗುವುದು” ಎಂದಿತ್ತು. ಓದು ಬರುವವರೂ ಅದನ್ನು ಅರ್ಧಕ್ಕೇ ಬಿಟ್ಟರು. ನಮ್ಮ ಸಂಘದ ಅಕ್ಕನೊಬ್ಬರು ಅದನ್ನೇ ಕೊಂಕಣಿಯಲ್ಲಿ, ಮೀನು ಮಾರುವಾಗ ಗಿರಾಕಿಯನ್ನು ಕರೆಯುವ ಅದೇ ದನಿಯಲ್ಲಿ, ಮುಕ್ಕಾಲು ನಿಮಿಷದ ಧ್ವನಿ ಸಂದೇಶವಾಗಿ ಹೇಳಿ ಹಾಕಿದರು. ಅದೇ ಸಂಜೆ ನಾಲ್ಕು ಜನ ಮನೆಗೆ ಬಂದು ಯಾವ ಕಾಗದ ಬೇಕೆಂದು ಕೇಳಿದರು.

ಸಂದೇಶ ಕಳುಹಿಸುವ ಹೊತ್ತೂ ಮುಖ್ಯ. ಬೆಳಗಿನ ಜಾವದಿಂದ ಮಧ್ಯಾಹ್ನದ ತನಕ ಬುಟ್ಟಿ, ಐಸು, ಚೌಕಾಸಿ, ಇವುಗಳ ನಡುವೆ ಫೋನನ್ನು ಯಾರು ನೋಡುತ್ತಾರೆ? ರಾತ್ರಿ ಎಂಟರ ನಂತರ ಹಾಕಿ. ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ 61 ದಿನಗಳಲ್ಲಿ, ಗಂಡಸರೂ ಊರಿನಲ್ಲಿರುತ್ತಾರೆ. ಉಳಿತಾಯ-ಪರಿಹಾರ ಯೋಜನೆ, ಮತ್ಸ್ಯ ಸಂಪದ ಮುಂತಾದವುಗಳ ಮಾತನ್ನು ಕೂತು ಆಡಲು ಆ ಎರಡು ತಿಂಗಳೇ ಸರಿ.

ಉತ್ತರ 3: ನಿವೃತ್ತ ಮಾಸ್ತರ (ಸಿದ್ದಾಪುರ)

ಎರಡು ಎಚ್ಚರಿಕೆಗಳನ್ನು ಹೇಳಬೇಕು. ವಾಟ್ಸ್ಆ್ಯಪ್ ಗುಂಪು ಮಾಡುವುದಾದರೆ ಅದರಲ್ಲಿ ಸಂದೇಶ ಹಾಕುವ ಅಧಿಕಾರ ಇಬ್ಬರು ಮೂವರಿಗೆ ಮಾತ್ರ ಇರಲಿ. ಪಿಎಂ ಕಿಸಾನ್ ಹೆಸರಿನ ಎಪಿಕೆ ಕಡತಗಳು, ಅಂದರೆ ಒತ್ತಿದರೆ ಫೋನಿನಲ್ಲಿ ಕೂರುವ ನಕಲಿ ಆ್ಯಪ್ ಕಡತಗಳು, ಗುಂಪಿನಿಂದ ಗುಂಪಿಗೆ ಹರಿದಾಡುತ್ತವೆ. ಪರಿಚಯದವರ ನಂಬರಿನಿಂದಲೇ ಬಂದದ್ದೆಂದು ಒತ್ತಿದರೆ ಫೋನಿನ ಒಟಿಪಿಗಳು ಕಳ್ಳರ ಕೈಸೇರುತ್ತವೆ. ನನಗೇ ಅಂಥದೊಂದು ಬಂದಿತ್ತು, ಕಳುಹಿಸಿದವರು ನನ್ನ ಹಳೆಯ ಶಿಷ್ಯರು, ಪಾಪ, ಅವರಿಗೆ ತಮ್ಮ ಫೋನು ತಮ್ಮ ಹಿಡಿತದಲ್ಲಿಲ್ಲವೆಂಬುದೇ ತಿಳಿದಿರಲಿಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬ ಮಾತು ಯಾವ ಯೋಜನೆಯ ಮಾಹಿತಿಗಿಂತಲೂ ಮೊದಲು ಗುಂಪಿನಲ್ಲಿ ಬರಲಿ. ಹಾಗೆಯೇ ಆಧಾರ್, ಪಾಸ್‌ಬುಕ್ ಚಿತ್ರಗಳನ್ನು ಗುಂಪಿಗೆ ಹಾಕುವುದನ್ನು ಮೊದಲ ದಿನವೇ ತಡೆಯಿರಿ.

ಹೊಸ ಸಾಧನ ಕೊಳ್ಳುವ ಮುನ್ನ ಊರಿನಲ್ಲಿ ಈಗಾಗಲೇ ಏನಿದೆ ಎಂದು ನೋಡುವುದು ಒಳ್ಳೆಯದು. ಪಂಚಾಯತಿಯ ಕಸದ ಗಾಡಿಗೆ ಧ್ವನಿವರ್ಧಕವಿದೆ. ನಮ್ಮಲ್ಲಿ ಅದನ್ನು ನಡೆಸುವವರು ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬರು. ಗಾಡಿ ಬರುವಾಗ ಹಾಕುವ ಹಾಡಿನ ನಡುವೆ ಪಂಚಾಯತಿಯವರ ಒಪ್ಪಿಗೆ ಪಡೆದು ಅರ್ಧ ನಿಮಿಷದ ಪ್ರಕಟಣೆ ಸೇರಿಸಿದರೆ ರಸ್ತೆಯಂಚಿನ ಮನೆಗಳಿಗೆ ತಲುಪುತ್ತದೆ. ಹಳೆಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಹಲವೆಡೆ ಗಣಕಯಂತ್ರವೂ ಇದೆ. ಅಲ್ಲಿ ಮಾಹಿತಿ ಕಣಜ ಜಾಲತಾಣವನ್ನು ತೆರೆದು ನೋಡಲು ಕಲಿಸಿ. ತಮ್ಮ ಪಂಚಾಯತಿಯ ಪಡಿತರ, ಪಿಂಚಣಿ, ಉದ್ಯೋಗ ಖಾತರಿ ಮುಂತಾದ ವಿವರಗಳು ಅಲ್ಲಿ ಯಾರ ಅನುಮತಿಯೂ ಇಲ್ಲದೆ ಸಿಗುತ್ತವೆ. ಗ್ರಾಮಸಭೆಗೆ ಹೋಗುವ ಹಿಂದಿನ ದಿನ ಅದನ್ನು ನೋಡಿಕೊಂಡು ಹೋದವರು ಕೇಳುವ ಪ್ರಶ್ನೆಯೇ ಬೇರೆ ತೂಕದ್ದಾಗಿರುತ್ತದೆ.

ಇನ್ನೊಂದು ಮಾತು. ಘಟ್ಟದ ಮೇಲಿನ ನಮ್ಮ ಅಡಿಕೆ ಬೆಳೆಗಾರರು ಬೇರೆ ಯಾವ ಸಂದೇಶವನ್ನು ಬಿಟ್ಟರೂ ಸಂಜೆಯ ರಾಶಿ, ಚಾಲಿ, ಬೆಟ್ಟೆ ದರದ ಸಂದೇಶವನ್ನು ಬಿಡುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ರೈತರು ಕಟ್ಟಬೇಕಾದದ್ದು ವಿಮಾ ಮೊತ್ತದ ಶೇಕಡಾ 5. ಕಟ್ಟುವ ಕೊನೆಯ ದಿನ ಮಾತ್ರ ಮಳೆಗಾಲದ ಗಡಿಬಿಡಿಯಲ್ಲಿ ತಪ್ಪಿಹೋಗುತ್ತದೆ. ತಮ್ಮ ಸೇವಾ ಸಹಕಾರಿ ಸಂಘದವರನ್ನು ಕೇಳಿ, ದರದ ಸಂದೇಶದ ಕೊನೆಯ ಸಾಲಿನಲ್ಲಿ ಆ ದಿನಾಂಕವನ್ನು ಹಾಕಿಸಿ. ಒಂದು ಪೈಸೆಯೂ ಬೇಕಾಗುವುದಿಲ್ಲ.

ಉತ್ತರ 4: ಕಾಳಿ ಕಣಿವೆ (ಜೊಯಿಡಾ)

ಸಿಗ್ನಲ್ಲೇ ಇಲ್ಲದ ಊರುಗಳಿಂದ ಬರೆಯುತ್ತಿದ್ದೇನೆ, ಅಂದರೆ ಊರಿನಿಂದ ಮೂರು ಕಿಲೋಮೀಟರ್ ನಡೆದು ಬಂದು ಬರೆಯುತ್ತಿದ್ದೇನೆ. ಪಡಿತರದ ಯಂತ್ರಕ್ಕೆ ಸಿಗ್ನಲ್ ಇದ್ದೇ ಇರುತ್ತದೆ ಎಂಬ ಭರವಸೆ ನಮ್ಮ ಕಡೆ ಇಲ್ಲ. ಯಂತ್ರವನ್ನು ಗುಡ್ಡದ ಮೇಲೆ ಒಯ್ದು ಬೆರಳಚ್ಚು ಪಡೆಯುವುದನ್ನು ಕಂಡಿದ್ದೇನೆ. ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಕಾಡಿನ ದಾರಿಯಲ್ಲಿ ಗೋಪುರ ಏಳಲು ಸಮಯ ಹಿಡಿಯುತ್ತದೆ. ಅಲ್ಲಿಯ ತನಕ ನಾವು ಕುಣಬಿ ಕೇರಿಗಳಲ್ಲಿ ಪೆನ್‌ಡ್ರೈವ್ ಹಾಕುವ ಸಣ್ಣ ಸ್ಪೀಕರನ್ನು ಮನೆಯಿಂದ ಮನೆಗೆ ದಾಟಿಸುತ್ತಿದ್ದೇವೆ. ಧ್ವನಿಮುದ್ರಣ ಮಾಡಿದವರು ಅಂಗನವಾಡಿ ಕಾರ್ಯಕರ್ತೆ. ಜನ ಮೊದಲು ಕೇಳುವುದು ಇದು ಯಾರ ದನಿ ಎಂದು. ಗುರುತು ಸಿಕ್ಕ ಮೇಲೆ ಕುಳಿತು ಪೂರ್ತಿ ಕೇಳುತ್ತಾರೆ.

ಪ್ರಶ್ನೆ ಕೇಳಿದವರಿಂದ: ಕೆರೆಯಂಚು (ಶಿರಸಿ ತಾಲ್ಲೂಕು)

ಎಲ್ಲರಿಗೂ ಕೃತಜ್ಞತೆಗಳು. ಆ್ಯಪ್ ಹಾಗೂ ಟಿ.ವಿ. ಎರಡನ್ನೂ ಕೈಬಿಟ್ಟೆವು. ಕಳೆದ ವಾರ ಪಡಿತರದ ದಿನ ಮೇಜು ಹಾಕಿಕೊಂಡು ಕುಳಿತೆವು. ಮೊದಲ ಗಂಟೆಯಲ್ಲೇ ಒಂದು ತೊಡಕು ಎದುರಾಯಿತು. ಡಿಬಿಟಿ ಆ್ಯಪ್ ತೆರೆಯಲು ಒಟಿಪಿ ಬೇಕು. ಅದು ಆಧಾರಿಗೆ ಜೋಡಿಸಿದ ಮೊಬೈಲಿಗೆ ಹೋಗುತ್ತದೆ. ಕೆಲವರದು ಬೆಂಗಳೂರಿನಲ್ಲಿರುವ ಮಗನ ನಂಬರು, ಕೆಲವರದು ರೀಚಾರ್ಜ್ ಮಾಡದೆ ಎಂದೋ ಸತ್ತುಹೋದ ಸಿಮ್ಮು. ಮಗ ಕೆಲಸದ ನಡುವೆ ಫೋನೆತ್ತಿ ಅಂಕೆಗಳನ್ನು ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇದಕ್ಕೆ ದಾರಿ ಏನಾದರೂ ಇದೆಯೇ?

ಉತ್ತರ 5: ಹಳೇ ಕೌಂಟರು (ಅಂಕೋಲಾ)

ಅಂಚೆಯಣ್ಣನನ್ನು ಹಿಡಿಯಿರಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆ ಸಿಬ್ಬಂದಿ ಆಧಾರಿಗೆ ಮೊಬೈಲ್ ಸಂಖ್ಯೆಯನ್ನು ಜೋಡಿಸುವ ಸೇವೆ ಕೊಡುತ್ತಾರೆ, ಶುಲ್ಕ ಅಲ್ಪ. ನಂಬರು ಬದಲಿಸಬೇಕಾದವರ ಪಟ್ಟಿ ಮಾಡಿ ನಿಮ್ಮ ಅಂಚೆ ಕಚೇರಿಗೆ ಮೊದಲೇ ತಿಳಿಸಿದರೆ ಮುಂದಿನ ಪಡಿತರದ ದಿನಕ್ಕೆ ಅಂಚೆ ಸಿಬ್ಬಂದಿಯನ್ನೂ ನಿಮ್ಮ ಮೇಜಿನ ಪಕ್ಕ ಕೂರಿಸಬಹುದು. ಮಗನ ನಂಬರೇ ಇರಲಿ ಎನ್ನುವವರಿಗೆ ಒಂದು ಉಪಾಯ: ಹಿಂದಿನ ರಾತ್ರಿಯೇ ಮಗನಿಗೆ ಹೊತ್ತು ಹೇಳಿಡಿ.

ಅಂದ ಹಾಗೆ ಆ ಅಜ್ಜಿಯ ಅರ್ಜಿ ಏನಾಯಿತು?

ಪ್ರಶ್ನೆ ಕೇಳಿದವರಿಂದ: ಕೆರೆಯಂಚು (ಶಿರಸಿ ತಾಲ್ಲೂಕು)

ಸೋಮವಾರ ನಾಡಕಚೇರಿಯಲ್ಲಿ ಸಲ್ಲಿಸಿದೆವು. ನಿಗದಿತ ಅವಧಿಯಲ್ಲಿ ಸೇವೆ ಕೊಡಬೇಕೆನ್ನುವ ಸಕಾಲ ವ್ಯವಸ್ಥೆಯ ಹದಿನೈದು ಅಂಕಿಗಳ ಸಂಖ್ಯೆ ಇರುವ ಸ್ವೀಕೃತಿ ಕೊಟ್ಟಿದ್ದಾರೆ. ಮೊಬೈಲ್ ನಂಬರಿನ ಜಾಗದಲ್ಲಿ ನನ್ನದನ್ನು ಬರೆಯಲು ಹೊರಟಾಗ ಅಜ್ಜಿ ತಡೆದು, ಸೊಸೆಯದನ್ನು ಬರೆಸಿದರು. ಸ್ವೀಕೃತಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡಿದ್ದಾರೆ.