‘ರಾಕೆಟ್ 88’ ಮೊದಲ ರಾಕ್ ಹಾಡು ಹೇಗಾಗುತ್ತದೆ? ಕೇಳಿದರೆ ಬ್ಲೂಸ್ ಅನ್ನಿಸುತ್ತದಲ್ಲ

ತಂತಿಮೀಟು:
ರಾಕ್ ಇತಿಹಾಸದ ಬಗ್ಗೆ ಏನೇ ಓದಿದರೂ 1951ರ ‘ರಾಕೆಟ್ 88’ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅನ್ನುವ ಮಾತು ಬರುತ್ತದೆ. ಕಿವಿಗೊಟ್ಟು ಕೇಳಿದರೆ ಅದು 40ರ ದಶಕದ ಜಂಪ್ ಬ್ಲೂಸ್ (ಕುಣಿತಕ್ಕೆ ಹೇಳಿಮಾಡಿಸಿದ ವೇಗದ ಬ್ಲೂಸ್) ಥರಾನೇ ತೂಗುತ್ತದೆ. ಲಿಟಲ್ ರಿಚರ್ಡ್ ಹಾಡುಗಳಲ್ಲಿ ಇರುವ ನೂಕು ಇದರಲ್ಲಿ ಇಲ್ಲ. ಹಾಗಿದ್ದರೆ ಆ ಪಟ್ಟ ಯಾವ ಆಧಾರದ ಮೇಲೆ? ವ್ಯತ್ಯಾಸ ಇರುವುದು ಲಯದಲ್ಲೋ, ವಾದ್ಯದಲ್ಲೋ? ಗಿಟಾರಿನಲ್ಲಿ ನುಡಿಸಿ ನೋಡುವ ಹಾಗೆ ಯಾರಾದರೂ ವಿವರಿಸಿ.

ಹರಿದಕೋನ್:
ನಿಮ್ಮ ಕಿವಿ ಸರಿಯಾಗಿದೆ. ಲಯದಲ್ಲಿ ಅದು ಜಂಪ್ ಬ್ಲೂಸೇ, ಧಾಟಿ ಕೂಡ ಜಿಮ್ಮಿ ಲಿಗಿನ್ಸ್ ಅವರ ‘ಕ್ಯಾಡಿಲಾಕ್ ಬೂಗಿ’ಯಿಂದ ಬಂದದ್ದು. ಹೊಸದು ಗಿಟಾರಿನ ದನಿ. ಮಿಸಿಸಿಪ್ಪಿಯಿಂದ ಮೆಂಫಿಸ್‌ಗೆ ಬರುವ ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಆಂಪ್ಲಿಫೈಯರ್ ಕೆಟ್ಟಿತ್ತು. ಮೆಂಫಿಸ್ ಸ್ಟುಡಿಯೋದ ಯಜಮಾನ ಸ್ಯಾಮ್ ಫಿಲಿಪ್ಸ್ ಅದರ ಸ್ಪೀಕರ್ ಕೋನ್‌ಗೆ (ಕಂಪಿಸಿ ದನಿ ಹೊರಡಿಸುವ ಶಂಕುವಿಗೆ) ಕಾಗದ ತುರುಕಿ ಹಾಗೆಯೇ ರೆಕಾರ್ಡ್ ಮಾಡಿಬಿಟ್ಟರು. ಕೋನ್ ಗಟ್ಟಿಯಾಗಿದ್ದರೆ ಒಂದೇ ತುಂಡಾಗಿ ಹಿಂದೆ ಮುಂದೆ ಚಲಿಸುತ್ತದೆ. ಪೆಟ್ಟು ತಿಂದ ಕೋನ್ ತರಂಗವನ್ನು ಸರಿಯಾಗಿ ಹಿಂಬಾಲಿಸಲಾರದೆ ಬಡಿದುಕೊಳ್ಳುತ್ತದೆ, ಕಾಗದವೂ ಜೊತೆಗೆ ಝೇಂಕರಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬೇಸ್ ಸಾಲನ್ನೇ ಹಿಂಬಾಲಿಸಿ. ಸ್ಯಾಕ್ಸಫೋನಿನ ಕೆಳಸ್ಥಾಯಿಯ ಹಾಗೆ ಒರಟಾಗಿ ಗುಂಯ್‌ಗುಟ್ಟುವುದು ಆ ಗಿಟಾರು.

ರೆಕಾರ್ಡಿನ ಮೇಲೆ ‘ಜಾಕಿ ಬ್ರೆನ್‌ಸ್ಟನ್ ಮತ್ತು ಡೆಲ್ಟಾ ಕ್ಯಾಟ್ಸ್’ ಅಂತ ಇದೆ. ವಾಸ್ತವದಲ್ಲಿ ಅದು ಐಕ್ ಟರ್ನರ್ ಅವರ ತಂಡ. ಪಿಯಾನೋ ಅವರದ್ದು, ಬ್ರೆನ್‌ಸ್ಟನ್ ಆ ತಂಡದಲ್ಲಿ ಸ್ಯಾಕ್ಸಫೋನ್ ನುಡಿಸುತ್ತಿದ್ದವರು.

ನಡೆಭೇದ:
ಲಯದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇಡೀ ವಿಷಯದ ಜೀವ ಇರುವುದು ಅಲ್ಲೇ. ಪಾಶ್ಚಾತ್ಯ ಪರಿಭಾಷೆಗಿಂತ ನಮ್ಮ ಕೊನ್ನಕೋಲಿನಲ್ಲಿ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು) ಇದು ಬೇಗ ಹತ್ತುತ್ತದೆ. ‘ತಕಿಟ ತಕಿಟ’ ಎಂದು ಹೇಳುತ್ತಾ ‘ಕಿ’ ನುಂಗಿಬಿಡಿ. ‘ತಾ-ಟ ತಾ-ಟ’ ಎಂದು ತೂಗುತ್ತದಲ್ಲ, ಅದೇ ಶಫಲ್. ಈಗ ಅಷ್ಟೇ ಕಾಲದಲ್ಲಿ ‘ತಕ ತಕ’ ಎಂದು ಸಮನಾಗಿ ಹೇಳಿ. ಅದು ರಾಕ್‌ನ ನೇರ ನಡೆ. 1951ರಿಂದ 1957ರ ನಡುವೆ ನಡೆದದ್ದು ತಿಶ್ರದಿಂದ (ಮೂರರ ನಡೆ) ಚತುರಶ್ರಕ್ಕೆ (ನಾಲ್ಕರ ನಡೆ) ಆದ ಈ ಜಾರುವಿಕೆ.

ಅದು ಜಾರುತ್ತಿರುವಾಗಲೇ ಹಿಡಿದ ರೆಕಾರ್ಡ್ ಬೇಕಾದರೆ ಲಿಟಲ್ ರಿಚರ್ಡ್ ಅವರ ‘ಟುಟ್ಟಿ ಫ್ರುಟಿ’ ಕೇಳಿ. 1955ರ ಸೆಪ್ಟೆಂಬರ್, ನ್ಯೂ ಆರ್ಲಿಯನ್ಸ್, ಜೆ ಅಂಡ್ ಎಂ ಸ್ಟುಡಿಯೋ. ಪಿಯಾನೋ ‘ತಕ ತಕ’ ಎಂದು ಕುಟ್ಟುತ್ತಿದೆ, ಅರ್ಲ್ ಪಾಮರ್ ಅವರ ಡ್ರಮ್ ಇನ್ನೂ ‘ತಾ-ಟ’ದಲ್ಲೇ ಇದೆ. ಪಿಯಾನೋ ಮೇಲಿನ ರಿಚರ್ಡ್ ಬಲಗೈಗೆ ಹೊಂದಿಸಿಕೊಳ್ಳಲು ಹೋಗಿಯೇ ತಾನು ನೇರ ನಡೆಗೆ ಬಂದದ್ದು ಎಂದು ಪಾಮರ್ ಆಮೇಲೆ ಹೇಳಿದ್ದಾರೆ. 1957ರಲ್ಲಿ ಬಂದ ‘ಲೂಸಿಲ್’ ಹೊತ್ತಿಗೆ ಎಲ್ಲರೂ ನೇರ.

ನುಡಿಸಿ ನೋಡಲು: ಐದನೇ ತಂತಿ ಖಾಲಿ, ನಾಲ್ಕನೇ ತಂತಿಯ ಎರಡನೇ ಫ್ರೆಟ್ ಮೇಲೆ ತೋರುಬೆರಳು. ಎರಡೇ ತಂತಿ, ಎರಡು ಹೊಡೆತ. ಆಮೇಲೆ ಉಂಗುರದ ಬೆರಳನ್ನು ನಾಲ್ಕನೇ ಫ್ರೆಟ್‌ಗೆ ಇಟ್ಟು ಮತ್ತೆರಡು. ಹೀಗೆ ಒಂದು ಬಾರ್‌ಗೆ (ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ) ಎಂಟು ಹೊಡೆತ. ಇದು ‘ಸ’. ‘ಮ’ಕ್ಕೆ ಇದೇ ಆಕಾರವನ್ನು ನಾಲ್ಕು ಮತ್ತು ಮೂರನೇ ತಂತಿಗೆ, ‘ಪ’ಕ್ಕೆ ಆರು ಮತ್ತು ಐದನೇ ತಂತಿಗೆ ಸರಿಸಿ. ಹನ್ನೆರಡು ಬಾರ್‌ಗಳ ಸುತ್ತು: ಸ ನಾಲ್ಕು, ಮ ಎರಡು, ಸ ಎರಡು, ಪ ಒಂದು, ಮ ಒಂದು, ಸ ಎರಡು.

ಮೆಟ್ರೋನೋಮ್ 80ಕ್ಕೆ ಇಟ್ಟು ಮೊದಲು ಶಫಲ್‌ನಲ್ಲಿ ಒಂದು ಸುತ್ತು, ನಿಲ್ಲಿಸದೆ ನೇರದಲ್ಲಿ ಇನ್ನೊಂದು. ಪಿಕ್ ಪೂರ್ತಿ ಕೆಳಮುಖವಾಗಿಯೇ ಇರಲಿ. ಮೇಲೆ-ಕೆಳಗೆ ಹೊಡೆದರೆ ಮೇಲಿನ ಹೊಡೆತ ಹಗುರಾಗಿ, ತಡವಾಗಿ ಬೀಳುತ್ತದೆ, ಗೊತ್ತಿಲ್ಲದೆ ಶಫಲ್ ವಾಪಸ್ ಬಂದಿರುತ್ತದೆ. 160ರ ವೇಗದಲ್ಲಿ ಎರಡರ ವ್ಯತ್ಯಾಸ ಅರ್ಧ ಕರಗಿಹೋಗುವುದರಿಂದ ಆ ತಪ್ಪು ಕಿವಿಗೆ ಸಿಗುವುದಿಲ್ಲ, ಅದಕ್ಕೇ ನಿಧಾನದಲ್ಲಿ ಶುರು ಮಾಡುವುದು. ಇನ್ನೊಂದು ಮಾತು, ನಮಗೆ ಸಮದ (ತಾಳದ ಮೊದಲ ಎಣಿಕೆಯ) ಮೇಲೆ ತಟ್ಟಿ ಅಭ್ಯಾಸ. ಇಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕರ ಮೇಲೆ. ಕಾಲು ಒಂದಕ್ಕೆ, ಕೈ ಎರಡಕ್ಕೆ. ಇದು ಕೂರದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಹಾಡು ಏಳುವುದಿಲ್ಲ.

ಭಾನುವಾರದಚಪ್ಪಾಳೆ:
ಆ ಎರಡು-ನಾಲ್ಕರ ಚಪ್ಪಾಳೆಯ ತವರು ಆಫ್ರಿಕನ್ ಅಮೆರಿಕನ್ನರ ಚರ್ಚು. ವೈನೋನಿ ಹ್ಯಾರಿಸ್ ಅವರ 1948ರ ‘ಗುಡ್ ರಾಕಿಂಗ್ ಟುನೈಟ್’ನಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ. ಅದಕ್ಕೂ ಮೊದಲು, 1944ರಲ್ಲೇ, ಸಿಸ್ಟರ್ ರೊಸೆಟಾ ಥಾರ್ಪ್ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ರೆಕಾರ್ಡ್ ಮಾಡಿದ್ದರು: ಭಕ್ತಿಗೀತೆ, ಬೂಗಿ ಪಿಯಾನೋ, ಎಲೆಕ್ಟ್ರಿಕ್ ಗಿಟಾರ್ ಒಟ್ಟಿಗೆ. ‘ಮೊದಲ ರಾಕ್ ಹಾಡು’ ಎಂಬ ಪಟ್ಟಿಗಳಲ್ಲಿ ಈ ಹೆಂಗಸಿನ ಹೆಸರು ಎಷ್ಟೋ ವರ್ಷ ಕಾಣಲೇ ಇಲ್ಲ, ಅದು ಅನ್ಯಾಯ.

ಒಂದೇ ಬೇರು ಹುಡುಕಲೂಬೇಡಿ. ಚಕ್ ಬೆರ್ರಿ ಅವರ ‘ಮೇಬೆಲೀನ್’ (1955) ಹುಟ್ಟಿದ್ದು ‘ಐಡಾ ರೆಡ್’ ಎಂಬ ಪಿಟೀಲಿನ ಕಂಟ್ರಿ ಹಾಡಿನಿಂದ. ಅದೇ ಹಾಡಿನ ಗೀತರಚನೆಯ ಪಾಲಿನಲ್ಲಿ ರೇಡಿಯೋ ನಿರೂಪಕ ಅಲನ್ ಫ್ರೀಡ್ ಹೆಸರು ದಶಕಗಳ ಕಾಲ ಇತ್ತು, ಅವರು ಒಂದು ಸಾಲನ್ನೂ ಬರೆದಿರಲಿಲ್ಲ. ಹಾಗಾಗಿ ರೆಕಾರ್ಡಿನ ಮೇಲಿನ ಹೆಸರನ್ನೇ ನಂಬಿ ಇತಿಹಾಸ ಬರೆಯಲು ಹೋದರೆ ದಾರಿ ತಪ್ಪುತ್ತದೆ.

ತಂತಿಮೀಟು:
‘ಕಿ’ ನುಂಗುವ ಲೆಕ್ಕ ತಕ್ಷಣ ಹತ್ತಿತು, ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ: ಎಲ್ವಿಸ್ ಅವರ 1954ರ ‘ದಟ್ಸ್ ಆಲ್ ರೈಟ್’ನಲ್ಲಿ ಡ್ರಮ್ ಇಲ್ಲವಂತೆ, ಆದರೂ ಹೊಡೆತ ಕೇಳಿಸುತ್ತದೆ. ಅದು ಏನು?

ಹರಿದಕೋನ್:
ಬಿಲ್ ಬ್ಲ್ಯಾಕ್ ಅವರ ಡಬಲ್ ಬೇಸ್. ತಂತಿಯನ್ನು ಎಳೆದು ಬಿಟ್ಟಾಗ ಅದು ಫಿಂಗರ್‌ಬೋರ್ಡಿಗೆ ಬಡಿಯುತ್ತದೆ, ಜೊತೆಗೆ ಅಂಗೈಯಿಂದ ಪಟಕ್ಕನೆ ಹೊಡೆಯುತ್ತಾರೆ. ಆರ್ಥರ್ ಕ್ರುಡಪ್ 1946ರಲ್ಲಿ ರೆಕಾರ್ಡ್ ಮಾಡಿದ್ದ ಮೂಲ ಹಾಡನ್ನೂ ಪಕ್ಕದಲ್ಲಿಟ್ಟು ಕೇಳಿ.

ಇದಕ್ಕೆ ಫಿಲಿಪ್ಸ್ ಅವರ ಸನ್ ಸ್ಟುಡಿಯೋದ (ಈ ಹಾಡು ರೆಕಾರ್ಡ್ ಆದದ್ದು ಅಲ್ಲೇ) ಸ್ಲ್ಯಾಪ್‌ಬ್ಯಾಕ್, ಅಂದರೆ ಒಂದೇ ಗಿಡ್ಡ ಮರುದನಿ, ಸೇರಿಸಿಕೊಳ್ಳಿ. ದನಿಯನ್ನು ಇನ್ನೊಂದು ಟೇಪ್ ಯಂತ್ರಕ್ಕೆ ಕಳಿಸಿ, ಅದರ ರೆಕಾರ್ಡ್ ಹೆಡ್‌ನಿಂದ ಪ್ಲೇಬ್ಯಾಕ್ ಹೆಡ್‌ಗೆ ಟೇಪು ಹೋಗುವಷ್ಟು ತಡವಾಗಿ ಮೂಲದೊಂದಿಗೆ ಬೆರೆಸುವುದು. ಹೆಡ್‌ಗಳ ನಡುವೆ ಎರಡು ಇಂಚು ಇದ್ದು ಟೇಪು ಸೆಕೆಂಡಿಗೆ 15 ಇಂಚು ಓಡಿದರೆ ಸುಮಾರು 133 ಮಿಲಿಸೆಕೆಂಡ್. ನಿಮ್ಮ ಡಿಲೇ ಪೆಡಲ್‌ನಲ್ಲಿ 120ರಿಂದ 140ರ ನಡುವೆ ಇಡಿ, ಫೀಡ್‌ಬ್ಯಾಕ್ ಸೊನ್ನೆ, ಒಂದೇ ಮರುದನಿ, ಅದೂ ಮೂಲಕ್ಕಿಂತ ಸ್ವಲ್ಪ ಮೆತ್ತಗೆ. ಎರಡನೇ ಮರುದನಿ ಬಂತೆಂದರೆ ಮುಂದಿನ ಹೊಡೆತದ ಮೇಲೆ ಕೂತು ಎಲ್ಲ ಕಲಸಿಹೋಗುತ್ತದೆ.