ಸಹಾಯ ಬೇಕು: ರಾಯಚೂರಿನ ಮೇಲ್ಮಹಡಿಗೆ ಹಾಟ್ ಅಂಡ್ ಕೋಲ್ಡ್ ಎಸಿ, 1.5 ಟನ್ ಸಾಕೇ?

12×14 ಅಡಿ ಕೋಣೆ, ಆರ್‌ಸಿಸಿ ಚಾವಣಿ, ಒಂದು ಗೋಡೆ ಪೂರ್ತಿ ಪಡುವಣ ಬಿಸಿಲಿಗೆ. ಬಿಸಿಗೂ ತಂಪಿಗೂ ಒಂದೇ ಯಂತ್ರ, ಅಂದರೆ ಹೀಟ್ ಪಂಪ್ ಇರುವ ಇನ್ವರ್ಟರ್ ಸ್ಪ್ಲಿಟ್ ಬೇಕಾಗಿದೆ. ನಮ್ಮ ಕಡೆ ಚಳಿ ಅಂದ್ರೆ ಡಿಸೆಂಬರ್, ಜನವರಿಯ ರಾತ್ರಿಗಳಷ್ಟೇ. ಹೊರಘಟಕದ ಮೇಲೆ ಮಂಜು ಕಟ್ಟುವ ಮಾತೇ ಇಲ್ಲ. ಬೇಸಿಗೆಯ ಲೆಕ್ಕವೇ ಮುಖ್ಯ.

ಗೊಂದಲ ಇರೋದು ಟನ್ನಿನಲ್ಲಿ. 1.5 ಟನ್ ಎಂದರೆ ಸುಮಾರು 5.2 ಕಿಲೋವ್ಯಾಟ್ ತಂಪು ಮಾಡುವ ಶಕ್ತಿ (ಎಳೆಯುವ ಕರೆಂಟಲ್ಲ), ಆದರೆ ಅದು ಹೊರಗೆ 35 ಡಿಗ್ರಿ ಇದ್ದಾಗಿನ ಅಳತೆ. ಮೇ ತಿಂಗಳ 42–43 ಡಿಗ್ರಿಯಲ್ಲಿ ತಂಪು ಇಳಿಯುತ್ತದೆ, ಕರೆಂಟು ಏರುತ್ತದೆ. 2 ಟನ್ ಹಾಕಿದರೆ ಉಳಿದ ತಿಂಗಳುಗಳಲ್ಲಿ ಹೊರೆ ಸಾಲದೆ ಕಂಪ್ರೆಸರ್ ಪದೇ ಪದೇ ನಿಂತು ಶುರುವಾಗುವ ಭಯ. ಚಾವಣಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿದು, ಪಡುವಣ ಕಿಟಕಿಗೆ ಹೊರಗಡೆಯೇ ನೆರಳು ಕಟ್ಟಿ 1.5ಕ್ಕೇ ನಿಲ್ಲಬಹುದೇ?

ಒಳಘಟಕ, ಹೊರಘಟಕ ಸೇರಿಸುವ ಪೈಪು 6 ಮೀಟರ್ ಆಗುತ್ತದೆ. ಜೊತೆಗೆ ಬರೋದು ಸಾಮಾನ್ಯವಾಗಿ 3 ಮೀಟರ್. ಉದ್ದದ ಪೈಪಿಗೆ ಬೇಕಾದ ಹೆಚ್ಚುವರಿ ಆರ್32 ಗ್ಯಾಸನ್ನು (ಎಸಿಯ ತಂಪುಕಾರಕ) ಕೈಪಿಡಿ ನೋಡಿ ತೂಕ ಹಾಕಿ ತುಂಬುವವರು, ಪೈಪಿನ ಗಾಳಿ, ತೇವ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚುವವರು ಊರಲ್ಲಿ ಇದ್ದಾರಾ? ಗ್ಯಾಸ್ ಬಿಟ್ಟೇ ಗಾಳಿ ಓಡಿಸಿದರೆ ಪೈಪಿನಲ್ಲಿ ತೇವ ಉಳಿದು ಕಂಪ್ರೆಸರಿನ ಎಣ್ಣೆ ಕೆಡುತ್ತದೆ, ಅದು ಬ್ಯಾಡ.

ಹೊರಘಟಕ ತಾರಸಿ ಮೇಲಿಡಲೋ, ಉತ್ತರದ ಗೋಡೆಗೆ ಬ್ರಾಕೆಟ್ ಹಾಕಲೋ? ಸಂಜೆ ವೋಲ್ಟೇಜ್ 170ಕ್ಕೆ ಬೀಳುತ್ತದೆ. ಸ್ಟೆಬಿಲೈಸರ್ ಬೇಕೇ ಬೇಕಾ? ಇದೇ ಬಿಸಿಲಲ್ಲಿ ಬಳಸಿದವರು ಮಾಡೆಲ್ ಹೆಸರಿನ ಜೊತೆ ಮೇ ತಿಂಗಳ ಯೂನಿಟ್ ಎಷ್ಟು ಬಂತು ಅಂತ ಹೇಳ್ರಿ.