ಪಂಪ್‌ಶೆಡ್ಡಿನ ಸ್ವಿಚ್ಚು ಆ್ಯಪ್‌ನಲ್ಲಿ ಉಂಟು, ನನ್ನ ಸ್ಕ್ರಿಪ್ಟಿಗೆ ಮಾತ್ರ ಕಾಣುವುದಿಲ್ಲ

ಮುಳ್ಳೇರಿಯ_ತೋಟ:
ನಮಸ್ಕಾರ. ಮನೆಯ ನೆಟ್‌ವರ್ಕಿನಲ್ಲಿ ಈಗ ಯಾವ್ಯಾವುದು ಆನ್ ಉಂಟು ಅಂತ ನೋಡ್ಲಿಕ್ಕೆ ರಾಸ್‌ಬೆರಿ ಪೈಯಲ್ಲಿ (ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್) ಸಣ್ಣ ಬ್ಯಾಶ್ ಸ್ಕ್ರಿಪ್ಟ್ (ಒಂದರ ಹಿಂದೆ ಒಂದು ಓಡುವ ಆದೇಶಗಳ ಪಟ್ಟಿ) ಮಾಡಿದ್ದೇನೆ. 192.168.1.1ರಿಂದ 254ರವರೆಗಿನ ಐಪಿಗಳಿಗೆ (ನೆಟ್‌ವರ್ಕಿನ ವಿಳಾಸ) ಒಂದೊಂದಕ್ಕೇ ಪಿಂಗ್ (‘ಇದ್ದೀಯಾ?’ ಅಂತ ಕೇಳುವ ಸಂದೇಶ) ಕಳಿಸಿ, ಒಂದು ಸೆಕೆಂಡು ಕಾದು, ಉತ್ತರ ಬಂದದ್ದನ್ನು ಬರೆದಿಡುವುದು, ಅಷ್ಟೆ. ಮುಖ್ಯವಾಗಿ ಬೇಕಾದ್ದು ಪಂಪ್‌ಶೆಡ್ಡಿನ ವೈಫೈ ಸ್ವಿಚ್ಚು. ಕರೆಂಟ್ ಹೋಗಿ ಬಂದ ಮೇಲೆ ಅದು ವಾಪಸ್ ನೆಟ್‌ವರ್ಕಿಗೆ ಸೇರಿತೋ ಇಲ್ಲವೋ ಗೊತ್ತಾದರೆ ಸುಮ್ಮನೆ ಗುಡ್ಡೆ ಇಳಿದು ತೋಟಕ್ಕೆ ಹೋಗುವುದು ತಪ್ಪುತ್ತದೆ.

ಈಗ ಒಂದು ಸುತ್ತಿಗೆ ನಾಲ್ಕು ನಿಮಿಷದ ಹತ್ತಿರ ಬೇಕು. ಅಪ್ಪನ ಫೋನು ಒಮ್ಮೆ ಕಾಣ್ತದೆ, ಒಮ್ಮೆ ಇಲ್ಲ. ತಂಗಿಯ ವಿಂಡೋಸ್ ಲ್ಯಾಪ್‌ಟಾಪ್ ಕಾಣುವುದೇ ಇಲ್ಲ, ಅವಳು ಅದರಲ್ಲಿ ವಿಡಿಯೋ ನೋಡ್ತಾ ಕೂತಿದ್ದರೂ! ಪಂಪಿನ ಸ್ವಿಚ್ಚಂತೂ ಒಮ್ಮೆಯೂ ಬಂದಿಲ್ಲ. ಆದರೆ ಆ್ಯಪ್‌ನಲ್ಲಿ ಒತ್ತಿದರೆ ಪಂಪ್ ಓಡ್ತದೆ. ಎಂತ ಮಾಡುವುದು?

ಉಪ್ಪಳ_ಪೆಂಗ್ವಿನ್:
ಪಿಂಗಿಗೆ ಉತ್ತರ ಕೊಡಲೇಬೇಕು ಅಂತ ಯಾರಿಗೂ ಕಡ್ಡಾಯ ಇಲ್ಲ ಮಾರಾಯ್ರೆ. ವಿಂಡೋಸಿನಲ್ಲಿ ಮನೆಯ ವೈಫೈಯನ್ನು ‘ಪಬ್ಲಿಕ್’ ಅಂತ ಇಟ್ಟಿದ್ದರೆ ಫೈರ್‌ವಾಲ್ (ಹೊರಗಿಂದ ಬರುವುದನ್ನು ತಡೆಯುವ ಕಾವಲು) ಸಾಧಾರಣವಾಗಿ ಪಿಂಗನ್ನು ನುಂಗಿಬಿಡ್ತದೆ. ಫೋನು ಸ್ಕ್ರೀನ್ ಆಫ್ ಆದ ಮೇಲೆ ವೈಫೈಯನ್ನು ಅರೆನಿದ್ದೆಗೆ ಹಾಕುವುದರಿಂದ ಒಂದು ಸೆಕೆಂಡು ಅದಕ್ಕೆ ಸಾಲುವುದಿಲ್ಲ.

ಆದರೆ ನಿಮ್ಮ ಸ್ಕ್ರಿಪ್ಟನ್ನು ಬಿಸಾಡುವುದು ಬೇಡ. ಪಿಂಗ್ ಹೊರಡುವ ಮೊದಲು ಪೈಗೆ ಆ ಐಪಿಯ ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಭಾಗದ ಗುರುತು ಸಂಖ್ಯೆ) ಬೇಕು. ಅದಕ್ಕಾಗಿ ಅದು ‘ಈ ಐಪಿ ಯಾರದ್ದು?’ ಅಂತ ಎಆರ್‌ಪಿಯಲ್ಲಿ (ಐಪಿಯಿಂದ ಮ್ಯಾಕ್ ಹುಡುಕುವ ಪದ್ಧತಿ) ಕೂಗ್ತದೆ. ಫೈರ್‌ವಾಲ್ ಎಷ್ಟೇ ಬಿಗಿ ಇರಲಿ, ಈ ಕೂಗಿಗೆ ಓಗೊಡದಿದ್ದರೆ ಆ ಸಾಧನಕ್ಕೆ ನೆಟ್‌ವರ್ಕಿನಲ್ಲಿ ಬಾಳ್ವೆಯೇ ಇಲ್ಲ. ಹಾಗಾಗಿ ಪಿಂಗಿನ ಫಲಿತಾಂಶ ನೋಡಲೇಬೇಡಿ. ಎಲ್ಲ ಪಿಂಗನ್ನೂ ಹಿನ್ನೆಲೆಯಲ್ಲಿ ಒಟ್ಟಿಗೆ ಬಿಡಿ (ಸಾಲಿನ ಕೊನೆಗೆ ‘&’, ಲೂಪ್ ಮುಗಿದ ಮೇಲೆ ‘ವೇಟ್’), ಆಮೇಲೆ ‘ಐಪಿ ನೇಬರ್’ ಆದೇಶ ಕೊಡುವ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಅಂತ ಪೈ ನೆನಪಿಟ್ಟದ್ದು) ಓದಿ. ‘ಫೇಲ್ಡ್’, ‘ಇನ್‌ಕಂಪ್ಲೀಟ್’ ಅಂತ ಇರುವುದನ್ನು ಬಿಟ್ಟು ಉಳಿದದ್ದೆಲ್ಲ ಜೀವಂತ. ನಾಲ್ಕು ನಿಮಿಷದ ಕೆಲಸ ಕೆಲವೇ ಸೆಕೆಂಡಿಗೆ ಇಳಿಯುತ್ತದೆ.

ಬದಿಯಡ್ಕ_ಬೈಟ್:
ಪೆಂಗ್ವಿನ್ ಅಣ್ಣ ಹೇಳಿದ್ದು ಸರಿ, ಆದ್ರೆ ‘ಉಳಿದದ್ದೆಲ್ಲ ಜೀವಂತ’ ಅನ್ನುವುದರಲ್ಲಿ ಸಣ್ಣ ಗುಂಡಿ ಉಂಟು. ಲಿನಕ್ಸ್ ಆ ಪಟ್ಟಿಯನ್ನು ಸುಲಭಕ್ಕೆ ಗುಡಿಸುವುದಿಲ್ಲ. ಮಾಮೂಲಿ ಸೆಟ್ಟಿಂಗಿನಲ್ಲಿ 128 ನಮೂದು ದಾಟುವವರೆಗೆ ಹಳೆಯದು ‘ಸ್ಟೇಲ್’ ಆಗಿ ಹಾಗೇ ಬಿದ್ದಿರ್ತದೆ. ಪ್ಲಗ್ ಕಿತ್ತ ಸಾಧನವೂ ಕಂಡೀತು. ಪ್ರತಿ ಸುತ್ತಿನ ಮೊದಲು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆದೇಶ) ಹಾಕಿ ಪಟ್ಟಿಯನ್ನು ಫ್ಲಶ್ ಮಾಡಿ, ಅಂದರೆ ಖಾಲಿ ಮಾಡಿ.

ಇದೇ ಕೆಲಸಕ್ಕೆ ಎನ್‌ಮ್ಯಾಪ್ (ನೆಟ್‌ವರ್ಕ್ ಹುಡುಕುವ ಪ್ರೋಗ್ರಾಂ) ಹಾಕಿಕೊಳ್ಳುವವರಿಗೂ ಒಂದು ಮಾತು. ಸುಡೋ ಇಲ್ಲದೆ ಓಡಿಸಿದರೆ ಅದು 80 ಮತ್ತು 443ನೇ ಪೋರ್ಟ್ ತಟ್ಟಿ ನೋಡ್ತದೆ, ಅಷ್ಟೆ. ಸುಡೋ ಇದ್ದರೆ ಮಾತ್ರ ಎಆರ್‌ಪಿ.

ಇನ್ನು ಪಂಪಿನದ್ದು ಬೇರೆಯೇ ಕಥೆ ಅಂತ ನನ್ನ ಅಂದಾಜು. ಶೆಡ್ಡಿಗೆ ವೈಫೈ ಹೇಗೆ ಹೋಗ್ತದೆ? ಅಲ್ಲಿ ನಿಂತು ಫೋನಿನ ಐಪಿ ನೋಡಿ ಹೇಳಿ.

ಮುಳ್ಳೇರಿಯ_ತೋಟ:
ಫ್ಲಶ್, ಒಟ್ಟಿಗೆ ಪಿಂಗ್, ನೇಬರ್ ಪಟ್ಟಿ, ಮೂರೂ ಸೇರಿಸಿದೆ. ಅಪ್ಪನ ಫೋನು, ತಂಗಿಯ ಲ್ಯಾಪ್‌ಟಾಪ್ ಎರಡೂ ಬಂತು! ಪಂಪ್ ಇಲ್ಲ. ಮನೆಯಿಂದ ಕೇಬಲ್ ಎಳೆದು ಶೆಡ್ಡಿನಲ್ಲಿ ಇನ್ನೊಂದು ರೂಟರ್ ಇಟ್ಟದ್ದು. ಮೊದಲಿದ್ದದ್ದು ಸಿಡಿಲಿಗೆ ಹೋಯಿತು, ಈಗಿನದ್ದು ಹೊಸತು. ಅಲ್ಲಿ ಫೋನಿಗೆ 192.168.0.103 ಅಂತ ತೋರಿಸ್ತದೆ.

ಬದಿಯಡ್ಕ_ಬೈಟ್:
ಸಿಕ್ಕಿತು. ಐಪಿಯ ಮೂರನೇ ಸಂಖ್ಯೆ ನೋಡಿ: ಮನೆಯಲ್ಲಿ 1, ಶೆಡ್ಡಿನಲ್ಲಿ 0. ಹೊಸ ರೂಟರಿನ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಕಡೆಯ ಕಿಂಡಿ) ಕೇಬಲ್ ಚುಚ್ಚಿದ್ದಾರೆ, ಹಾಗಾಗಿ ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿದೆ. ಎಆರ್‌ಪಿ ಕೂಗು ರೂಟರನ್ನು ದಾಟುವುದಿಲ್ಲ. ಆ್ಯಪ್ ಕೆಲಸ ಮಾಡುವುದು ಯಾಕೆಂದರೆ ಸ್ವಿಚ್ಚು ತಾನೇ ಹೊರಗಿನ ಸರ್ವರಿಗೆ ಸಂಪರ್ಕ ಹಿಡಿದಿರ್ತದೆ. ಒಳಗಿಂದ ಹೊರಗೆ ಹೋಗ್ಲಿಕ್ಕೆ ತಡೆ ಇಲ್ಲ, ಹೊರಗಿಂದ ಒಳಗೆ ಇಣುಕಲಿಕ್ಕೆ ಮಾತ್ರ ಬಿಡುವುದಿಲ್ಲ.

ಶೆಡ್ಡಿನ ರೂಟರಿಗೆ 192.168.1.2 ಕೊಡಿ (ಆ ನಂಬರ್ ಬೇರೆ ಯಾರಿಗೂ ಹೋಗದ ಹಾಗೆ ನೋಡಿಕೊಳ್ಳಿ), ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ಕೆಲಸ) ಆಫ್ ಮಾಡಿ, ಆಮೇಲೆ ಕೇಬಲನ್ನು ವ್ಯಾನ್‌ನಿಂದ ತೆಗೆದು ಲ್ಯಾನ್ ಪೋರ್ಟಿಗೆ (ಒಳಗಿನ ನೆಟ್‌ವರ್ಕಿನ ಕಿಂಡಿ) ಹಾಕಿ. ಮೆನುವಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ಮನೆಯದ್ದನ್ನೇ ವೈಫೈಯಲ್ಲಿ ಕೊಡುವುದು) ಇದ್ದರೆ ಇಷ್ಟೂ ತಾಪತ್ರಯ ಇಲ್ಲ.

ಮುಳ್ಳೇರಿಯ_ತೋಟ:
ಆ್ಯಕ್ಸೆಸ್ ಪಾಯಿಂಟ್ ಮೋಡ್ ಇತ್ತು. ಹಾಕಿ, ಸ್ವಿಚ್ಚನ್ನು ಒಮ್ಮೆ ಆಫ್-ಆನ್ ಮಾಡಿದ ಕೂಡಲೇ 192.168.1.37ರಲ್ಲಿ ಬಂತು. ಮ್ಯಾಕ್ ಹುಡುಕಿದರೆ ಎಸ್ಪ್ರೆಸಿಫ್ (ವೈಫೈ ಚಿಪ್ ಕಂಪೆನಿ) ಅಂತ ಬರ್ತದೆ, ಅಂದರೆ ಅದೇ. ಇನ್ನೊಂದು ಸಂಶಯ: ಅಪ್ಪನ ಫೋನಿನ ಮ್ಯಾಕಿಗೆ ಕಂಪೆನಿ ಹೆಸರೇ ಬರುವುದಿಲ್ಲವಲ್ಲ?

ಉಪ್ಪಳ_ಪೆಂಗ್ವಿನ್:
ಮ್ಯಾಕಿನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾ ನೋಡಿ. ಹೌದಾದರೆ ಅದು ಫೋನು ತಾನೇ ಕಟ್ಟಿಕೊಂಡ ವಿಳಾಸ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಇದು ಮಾಮೂಲು. ಮನೆಯ ವೈಫೈಗೆ ಮಾತ್ರ ಆ ಸೆಟ್ಟಿಂಗ್ ಆಫ್ ಮಾಡಬಹುದು. ಸ್ವಿಚ್ಚಿನ ಮ್ಯಾಕಿಗೆ ಮನೆ ರೂಟರಿನಲ್ಲಿ ಐಪಿ ಕಾಯ್ದಿರಿಸಿಬಿಡಿ. ಆಮೇಲೆ ಪಂಪಿಗೋಸ್ಕರ 254 ಮನೆಯ ಬಾಗಿಲು ತಟ್ಟುವುದು ಬೇಡ, ಆ ಒಂದೇ ಐಪಿ ಕೇಳಿದರೆ ಸಾಕು.

ಮತ್ತೆ, ತೋಟಕ್ಕೆ ಎಳೆದದ್ದು ತಾಮ್ರದ ಕೇಬಲ್ ಅಲ್ವಾ? ನಮ್ಮೂರಿನ ಸಿಡಿಲಿಗೆ ಅದು ಆಗುವುದಲ್ಲ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಿಗೆ, ಬೆಳಕನ್ನು ವಾಪಸ್ ಬದಲಿಸುವ ಪೆಟ್ಟಿಗೆ) ಹಾಕಿ ಫೈಬರ್ ಎಳೆದರೆ ಆ ದಾರಿಯಾಗಿ ಸಿಡಿಲು ಮನೆ ರೂಟರಿಗೆ ಬರುವುದು ತಪ್ಪುತ್ತದೆ. ಕರೆಂಟಿನ ಪ್ಲಗ್ ಮಾತ್ರ ಗುಡುಗು ಶುರುವಾಗುವ ಮೊದಲೇ ಕಿತ್ತಿಡಿ.